ಇಂಗಾಲ ತುಂಬಿದ ರಬ್ಬರ್ ಪಟ್ಟಿ: ಎಳೆದರೆ ರೆಸಿಸ್ಟೆನ್ಸ್ ಬದಲಾಗಬೇಕು, ಮಳೆಗಾಲದಲ್ಲೂ ನಿಲ್ಲಬೇಕು

ಬೇಲಿಯಾಚೆ (ಶಿರಸಿ)

ಅಡಿಕೆ ತೋಟದ ಬೇಲಿಗೆ ಹಂದಿ ನುಗ್ಗಿ ತಂತಿ ಎಳೆದರೆ ಮನೆಯಲ್ಲಿ ಗಂಟೆ ಹೊಡೆಯಬೇಕು. ತಂತಿಯ ಒಂದು ತುದಿಗೆ 10 ಸೆಂ.ಮೀ. ಉದ್ದದ ವಾಹಕ ರಬ್ಬರ್ ಪಟ್ಟಿ ಕಟ್ಟುವುದು, ಅದು ಹಿಗ್ಗಿದ್ದನ್ನು ಮೈಕ್ರೋಕಂಟ್ರೋಲರ್ ಓದುವುದು ಅಂತ ಯೋಚನೆ. ಪಟ್ಟಿಯನ್ನು ಇಲ್ಲೇ ಎರಕ ಹೊಯ್ಯಬೇಕೆಂದಿದೆ. ಕೈಯಲ್ಲಿರುವ ಇಂಗಾಲ: ತೆಂಗಿನ ಚಿಪ್ಪಿನ ಇದ್ದಿಲು, ಹಳೇ ಟಾರ್ಚ್ ಸೆಲ್ಲಿನ ಕಪ್ಪು ಪುಡಿ, ಮುರಿದ ಕಾರ್ಬನ್ ಫೈಬರ್ ದೋಟಿಯ ತುಂಡು. ಇದರಲ್ಲಿ ಯಾವುದು ಆಗ್ತದೆ? ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಟ್ಯೂಬ್ ಸಾಕಾ?

ಕಪ್ಪುಹಿಟ್ಟು (ಕಾರವಾರ)

ಮೂರೂ ಆಗುವುದಿಲ್ಲ. ಕಾರಣ ಬೇರೆ ಬೇರೆ.

ಚಿಪ್ಪಿನ ಇದ್ದಿಲನ್ನು ಸಾಮಾನ್ಯವಾಗಿ 400ರಿಂದ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಆ ಶಾಖಕ್ಕೆ ಇಂಗಾಲದ ಪದರಗಳು ಇನ್ನೂ ಜೋಡಣೆಯಾಗಿರುವುದಿಲ್ಲ, ಕರೆಂಟ್ ಹರಿಯುವುದಿಲ್ಲ. 800 ಡಿಗ್ರಿ ದಾಟಿದ ಮೇಲೆ ವಾಹಕತೆ ಚೆನ್ನಾಗಿ ಬರುತ್ತದೆ, ಮನೆಯ ಒಲೆಯಲ್ಲಿ ಗಾಳಿ ತಾಗದ ಹಾಗೆ ಅಷ್ಟು ಶಾಖ ಹಿಡಿದಿಡುವುದು ಆಗದ ಮಾತು. ಔಷಧಿ ಅಂಗಡಿಯ ಆಕ್ಟಿವೇಟೆಡ್ ಚಾರ್ಕೋಲ್ ಕೂಡ ನಂಬಿಕೆಗೆ ಸಾಲದು. ಅದರ ಕಣ ದೊಡ್ಡದು, ಮೈತುಂಬ ರಂಧ್ರ, ಸಿಲಿಕೋನನ್ನು ಹೀರಿಕೊಂಡು ಮಿಶ್ರಣವನ್ನು ಪುಡಿಪುಡಿ ಮಾಡುತ್ತದೆ.

ಟಾರ್ಚ್ ಸೆಲ್ಲಿನ ಕಪ್ಪು ಪುಡಿಯಲ್ಲಿ ಬಹುಪಾಲು ಮ್ಯಾಂಗನೀಸ್ ಡೈಆಕ್ಸೈಡ್. ಇಂಗಾಲ ಅದರ ಜೊತೆ ಸ್ವಲ್ಪ ಮಾತ್ರ. ಮೇಲಿಂದ ಸತುವಿನ ಕ್ಲೋರೈಡ್ ಉಪ್ಪು ಇರುತ್ತದೆ, ಅದು ನೀರು ಎಳೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಆ ಪಟ್ಟಿ ಹಂದಿಯನ್ನು ಬಿಟ್ಟು ಹವೆಯ ತೇವವನ್ನು ಅಳೆಯುತ್ತಾ ಕೂರುತ್ತದೆ. ನಡುವಿನ ಕಡ್ಡಿ ನಿಜವಾದ ಇಂಗಾಲವೇ. ಆದರೆ ಅರದಿಂದ ಉಜ್ಜಿ ತೆಗೆದ ಕಣ ದಪ್ಪ, ತೂಕದಲ್ಲಿ ಶೇ. 25–30 ಹಾಕದೆ ವಾಹಕವಾಗುವುದಿಲ್ಲ. ಅಷ್ಟು ಹಾಕಿದರೆ ಪಟ್ಟಿ ಎಳೆದ ಕೂಡಲೆ ಹರಿಯುತ್ತದೆ.

ದೋಟಿಯ ನೂಲು ಎಪಾಕ್ಸಿಯೊಳಗೆ ಹೂತಿದೆ. ಪುಡಿ ಮಾಡಿದರೆ ಎಪಾಕ್ಸಿ ಮೆತ್ತಿದ ಚೂರು ಸಿಗುತ್ತದೆ, ಒಂದಕ್ಕೊಂದು ತಾಗಿದರೂ ಸಂಪರ್ಕ ಸಿಗುವುದಿಲ್ಲ. ಧೂಳು ಮಾತ್ರ ಚರ್ಮಕ್ಕೂ ಶ್ವಾಸಕೋಶಕ್ಕೂ ಉಪದ್ರ. ಅದನ್ನು ಗ್ರೈಂಡರ್‌ಗೆ ಹಿಡಿಯಲೇಬೇಡಿ.

ಇನ್ನೊಂದು ಎಚ್ಚರ: ಸಿಮೆಂಟ್ ನೆಲಕ್ಕೆ ಹಾಕುವ ಬ್ಲ್ಯಾಕ್ ಆಕ್ಸೈಡ್ ಕಬ್ಬಿಣದ ಆಕ್ಸೈಡ್, ಇಂಗಾಲ ಅಲ್ಲ. ಅಂಗಡಿಯಲ್ಲಿ ‘ಕಪ್ಪು ಪುಡಿ’ ಕೇಳಿದರೆ ಅದನ್ನೇ ಕಟ್ಟಿಕೊಡುತ್ತಾರೆ. ಫೋಟೋಕಾಪಿ ಟೋನರ್ ಕೂಡ ಬೇಡ, ಅದರ ಕಣದ ತುಂಬ ಪ್ಲಾಸ್ಟಿಕ್.

ಪರೀಕ್ಷೆ ಸುಲಭ. 2 ಮಿ.ಲೀ. ಸಿರಿಂಜಿನ ಮೂತಿ ಕತ್ತರಿಸಿ, ಒಳಗೆ ಪುಡಿ ತುಂಬಿ, ಎರಡೂ ಕಡೆಯಿಂದ ಬಿಗಿಯಾಗಿ ಕೂರುವ ಬೋಲ್ಟ್ ತಳ್ಳಿ ಒತ್ತಿ ಹಿಡಿಯಿರಿ. ಬೋಲ್ಟುಗಳ ನಡುವೆ ಮಲ್ಟಿಮೀಟರ್. ವಾಹಕ ಕಾರ್ಬನ್ ಬ್ಲ್ಯಾಕ್ (ಕಾರ್ಖಾನೆಯಲ್ಲಿ ಮಾಡಿದ ನುಣ್ಣನೆಯ ಇಂಗಾಲದ ಮಸಿ) ಕೆಲವೇ ಓಮ್ ತೋರಿಸುತ್ತದೆ. ಕಿಲೋ ಓಮ್, ಮೆಗಾ ಓಮ್ ಬಂದರೆ ಆ ಪುಡಿಯನ್ನು ಅಲ್ಲಿಗೇ ಬಿಡಿ. ಸಿಲಿಕೋನ್ ಹಾಳುಮಾಡುವ ಮೊದಲು ಐದು ನಿಮಿಷದ ಕೆಲಸ.

ನೂಲುಪ್ರಿಯ (ಅಂಕೋಲಾ)

ಇಷ್ಟೆಲ್ಲ ಯಾಕೆ ಮಾರಾಯ್ರೆ, 3 ಮಿ.ಮೀ. ಕತ್ತರಿಸಿದ ಕಾರ್ಬನ್ ಫೈಬರ್ ಆನ್‌ಲೈನ್‌ನಲ್ಲಿ ಸಿಗ್ತದೆ. 20 ಗ್ರಾಂ ಸಿಲಿಕೋನ್‌ಗೆ 0.4 ಗ್ರಾಂ, ಅಂದರೆ ಶೇ. 2. ಮೊದಲು ನೂಲನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅಲುಗಿಸಿ ಬಿಡಿಸಿ, ಆಲ್ಕೋಹಾಲ್ ಬಹುಪಾಲು ಆರಿದ ಮೇಲೆ ಸಿಲಿಕೋನ್‌ಗೆ ಸೇರಿಸಿ ಕಲಸಿ. ನೂಲಿನ ದಪ್ಪ 7 ಮೈಕ್ರಾನ್, ಉದ್ದ ಅದರ 400 ಪಟ್ಟಿಗೂ ಹೆಚ್ಚು. ಅದಕ್ಕೇ ಇಷ್ಟು ಕಡಿಮೆಗೇ ಒಂದಕ್ಕೊಂದು ತಾಗಿ ದಾರಿಯಾಗ್ತದೆ. ಮಸಿ ಪುಡಿ ಕದಡಲು ಬೇಕಾಗುವ ಟೊಲ್ವೀನ್ ದ್ರಾವಕದ ವಾಸನೆ ಇಲ್ಲ, ಮಸಿ ಇಲ್ಲ, ಅರ್ಧ ಗಂಟೆಯ ಕೆಲಸ.

ಕಪ್ಪುಹಿಟ್ಟು (ಕಾರವಾರ)

ವಾಹಕ ಬೇಕಾದರೆ ಸರಿ, ಎಳೆತ ಅಳೆಯಲು ಅಲ್ಲ. ಸಿಲಿಕೋನ್ ಹಿಗ್ಗುತ್ತದೆ, ನೂಲು ಹಿಗ್ಗುವುದಿಲ್ಲ. ಮೊದಲ ಎಳೆತಕ್ಕೇ ನೂಲಿನ ಸುತ್ತ ಸಿಲಿಕೋನ್ ಬಿಟ್ಟುಕೊಳ್ಳುತ್ತದೆ, ಕೆಲವು ನೂಲು ಮುರಿಯುತ್ತದೆ, ಸಂಪರ್ಕಗಳು ಒಂದೊಂದಾಗಿ ತಪ್ಪುತ್ತವೆ. ಹಾಗಾಗಿ ರೆಸಿಸ್ಟೆನ್ಸ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಬಿಟ್ಟಾಗ ಹಳೇ ಜಾಗಕ್ಕೆ ಬರುವುದಿಲ್ಲ. ಎರಕ ಹೊಯ್ದ ದಿಕ್ಕಿಗೆ ನೂಲು ಮಲಗುವುದರಿಂದ ಉದ್ದಕ್ಕೆ ಒಂದು ಲೆಕ್ಕ, ಅಡ್ಡಕ್ಕೆ ಇನ್ನೊಂದು.

ಆದರೂ ನೂಲನ್ನು ಎಸೆಯಬೇಡಿ. ಪಟ್ಟಿಯ ಎರಡು ತುದಿಗೆ ಇದಕ್ಕಿಂತ ಒಳ್ಳೆಯ ಎಲೆಕ್ಟ್ರೋಡ್ ಮನೆಯಲ್ಲಿ ಮಾಡಲು ಸಿಗದು. ಅದಕ್ಕೆ ಆಮೇಲೆ ಬರುತ್ತೇನೆ.

ಎಳೆತಕ್ಕೆ ಬೇಕಾದದ್ದು ಕಾರ್ಬನ್ ಬ್ಲ್ಯಾಕ್, ಅದೂ ವಾಹಕ ದರ್ಜೆಯದು. ಕಣಗಳು ಕೆಲವು ಹತ್ತು ನ್ಯಾನೋಮೀಟರ್ ಗಾತ್ರದವು, ಆದರೆ ಬಿಡಿಯಾಗಿ ಇರುವುದಿಲ್ಲ. ಕವಲೊಡೆದ ಗೊಂಚಲಾಗಿ ಬೆಸೆದುಕೊಂಡಿರುತ್ತವೆ. ಆ ಗೊಂಚಲು ಎಷ್ಟು ಕವಲಿನದೋ ಅಷ್ಟು ಕಡಿಮೆ ಪುಡಿ ಸಾಕು. ಸಿಲಿಕೋನ್‌ನಲ್ಲಿ ವಾಹಕತೆ ಶುರುವಾಗುವ ಅಂದಾಜು ಪ್ರಮಾಣ, ತೂಕದ ಲೆಕ್ಕದಲ್ಲಿ: ಕೆಟ್ಜೆನ್‌ಬ್ಲ್ಯಾಕ್ ಜಾತಿಯದು ಶೇ. 2–4, ಅಸಿಟಿಲೀನ್ ಬ್ಲ್ಯಾಕ್ ಶೇ. 6–10, ವಲ್ಕನ್ ಎಕ್ಸ್‌ಸಿ-72 ಶೇ. 8–12. ಟೈರಿಗೆ ಹಾಕುವ ಎನ್330 ಇದಕ್ಕಿಂತ ಬಹಳ ಹೆಚ್ಚು ಬೇಕು. ಕಾರ್ಬನ್ ನ್ಯಾನೋಟ್ಯೂಬ್ ಶೇ. 1–2ಕ್ಕೇ ಆಗುತ್ತದೆ, ಆದರೆ ಅದರ ಗಂಟು ಬಿಡಿಸುವುದು ಮನೆಯ ಕೆಲಸವಲ್ಲ.

ಈ ಹೊಸ್ತಿಲಿಗೆ ಪರ್ಕೊಲೇಶನ್ ಮಿತಿ ಅಂತ ಹೆಸರು. ಅದರ ಕೆಳಗೆ ಮೆಗಾ ಓಮ್‌ಗಳ ಲೋಕ, ಅದನ್ನು ದಾಟಿದ ಕೂಡಲೆ ಶೇ. 1 ಪುಡಿಗೇ ರೆಸಿಸ್ಟೆನ್ಸ್ ಹತ್ತು, ನೂರು ಪಟ್ಟು ಬೀಳುತ್ತದೆ. ಹೊಸ್ತಿಲ ಮೇಲೇ ನಿಂತ ಮಿಶ್ರಣ ಎಳೆತಕ್ಕೆ ಬಹಳ ಸೂಕ್ಷ್ಮ. ಆದರೆ ಎರಡು ಸಲ ಕಲಸಿದರೆ ಎರಡು ಪಟ್ಟಿ ಒಂದೇ ಥರ ಬರುವುದಿಲ್ಲ, ಬಿಸಿಲಿಗೆ ಸಿಲಿಕೋನ್ ಉಬ್ಬಿದರೂ ಓದು ಓಡುತ್ತದೆ. ಬೇಲಿಗೆ ಹೊಸ್ತಿಲಿನ ಒಂದೂವರೆ ಪಟ್ಟು ಪುಡಿ ಹಾಕಿ. ಸೂಕ್ಷ್ಮತೆ ಸ್ವಲ್ಪ ಹೋಗಲಿ, ಹಂದಿ ಎಳೆಯುವ ಎಳೆತಕ್ಕೆ ಸೂಕ್ಷ್ಮತೆಯ ಕೊರತೆ ಬರುವುದಿಲ್ಲ.

ಬೇಲಿಯಾಚೆ (ಶಿರಸಿ)

ಸರಿ, ಅಸಿಟಿಲೀನ್ ಬ್ಲ್ಯಾಕ್ ತರಿಸ್ತೇನೆ. ಅಳತೆ ಸಮೇತ ಕ್ರಮ ಹೇಳಿ. ಮೌಲ್ಡ್ ಮಾಡುವ ಎರಡು ಭಾಗದ ಸಿಲಿಕೋನ್ ಇದೆ, ಟಿನ್ ಕ್ಯೂರ್ (ತವರದ ಕ್ಯಾಟಲಿಸ್ಟ್ ಹಾಕಿದರೆ ಗಟ್ಟಿಯಾಗುವುದು).

ಕಪ್ಪುಹಿಟ್ಟು (ಕಾರವಾರ)

ಟಿನ್ ಕ್ಯೂರ್ ಆದರೆ ಒಳ್ಳೆಯದೇ. ಒಂದು ಹಾಳೆಗೆ: ಸಿಲಿಕೋನ್ ಬೇಸ್ 20 ಗ್ರಾಂ, ಅಸಿಟಿಲೀನ್ ಬ್ಲ್ಯಾಕ್ 1.8 ಗ್ರಾಂ, ಟೊಲ್ವೀನ್ 40 ಮಿ.ಲೀ., ಕ್ಯಾಟಲಿಸ್ಟ್ ಡಬ್ಬದ ಮೇಲೆ ಹೇಳಿದಷ್ಟು (ಶೇ. 2–3 ಇದ್ದರೆ ಸುಮಾರು 0.5 ಗ್ರಾಂ). ಒಟ್ಟಿನಲ್ಲಿ ಪುಡಿ ಶೇ. 8. ನಿಮ್ಮ ಸಿಲಿಕೋನ್‌ಗೆ ಹೊಸ್ತಿಲು ಎಲ್ಲಿದೆಯೆಂದು ತಿಳಿಯಲು ಮೊದಲು 5 ಗ್ರಾಂ ಬೇಸ್‌ನ ಸಣ್ಣ ಎರಕ ಶೇ. 4ರಿಂದ 12ರವರೆಗೆ ಒಂದೆರಡು ಶೇಕಡಾ ಬಿಟ್ಟು ಮಾಡಿ ನೋಡಿ, ಸಿಕ್ಕಿದ ಹೊಸ್ತಿಲಿನ ಒಂದೂವರೆ ಪಟ್ಟು ಆಗುವಂತೆ ಪುಡಿ ಹೊಂದಿಸಿಕೊಳ್ಳುವುದು ಲೇಸು. ಮೌಲ್ಡ್ ಸಿಲಿಕೋನ್‌ನಲ್ಲಿ ಮೊದಲೇ ಸಿಲಿಕಾ ತುಂಬಿರುತ್ತದೆ, ಎಷ್ಟು ಎನ್ನುವುದು ಬ್ರ್ಯಾಂಡಿಗೊಂದು ಥರ.

ಪುಡಿಯನ್ನು 110–120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ಮುಚ್ಚಳದ ಡಬ್ಬದಲ್ಲಿ ತಣಿಸಿ. ನಮ್ಮ ಕರಾವಳಿಯಲ್ಲಿ ಇದನ್ನು ಬಿಡುವ ಹಾಗಿಲ್ಲ. ಪುಡಿ ಹೀರಿದ ತೇವ ಟಿನ್ ಕ್ಯಾಟಲಿಸ್ಟನ್ನು ಅವಸರಪಡಿಸುತ್ತದೆ, ಹರಡುವ ಮೊದಲೇ ಬಟ್ಟಲಲ್ಲಿ ಗಟ್ಟಿಯಾಗುತ್ತದೆ.

ಗಾಜಿನ ಅಥವಾ ಸ್ಟೀಲ್ ಬಟ್ಟಲು ತಗೊಳ್ಳಿ, ಥರ್ಮೋಕೋಲ್ ಜಾತಿಯ ಕಪ್ ಟೊಲ್ವೀನ್‌ಗೆ ಕರಗುತ್ತದೆ. ಪೇಂಟಿನ ಥಿನ್ನರ್ ಬೇಡ, ಅದರ ಆಲ್ಕೋಹಾಲ್, ಅಸಿಟೋನ್ ಭಾಗಗಳಲ್ಲಿ ಸಿಲಿಕೋನ್ ಕರಗುವುದಿಲ್ಲ. ಮೊದಲು ಪುಡಿಯನ್ನು ಟೊಲ್ವೀನ್‌ನಲ್ಲಿ 15 ನಿಮಿಷ ಕದಡಿ. ಆಮೇಲೆ ಬೇಸ್ ಸೇರಿಸಿ, ನಿಧಾನ ಓಡುವ ಕಡೆಗೋಲಿನಿಂದ ಅರ್ಧ ಗಂಟೆ. ಗಾಜಿನ ತುಣುಕಿನ ಮೇಲೆ ಒಂದು ಹನಿ ಒತ್ತಿ ಬೆಳಕಿಗೆ ಹಿಡಿದರೆ ಗಂಟು ಕಾಣಬಾರದು. ಗಂಟು ಹೋದ ಕೂಡಲೆ ನಿಲ್ಲಿಸಿ. ಮಿಕ್ಸರ್ ಜಾರಿನಲ್ಲಿ ಗಿರ್ರನೆ ತಿರುಗಿಸಿದರೆ ಗೊಂಚಲಿನ ಕವಲು ಮುರಿದು, ಅದೇ ಶೇ. 8ಕ್ಕೆ ರೆಸಿಸ್ಟೆನ್ಸ್ ಮೇಲೇರುತ್ತದೆ. ಕಿಡಿಯ ಅಪಾಯ ಬೇರೆ.

ಈಗ ಬಟ್ಟಲನ್ನು ತಕ್ಕಡಿಯ ಮೇಲಿಟ್ಟು ಹೊರಗೆ ಗಾಳಿಯಲ್ಲಿ ಕದಡುತ್ತಾ ಟೊಲ್ವೀನ್ ಹಾರಿಸಿ. ಶುರುವಿಗೆ ಒಳಗಿನ ತೂಕ ಸುಮಾರು 57 ಗ್ರಾಂ, ಅದು 27ಕ್ಕೆ ಇಳಿದಾಗ ದೋಸೆ ಹಿಟ್ಟಿನ ಹದ ಇರುತ್ತದೆ. ಆಗ ಕ್ಯಾಟಲಿಸ್ಟ್ ಹಾಕಿ, ಎರಡು ನಿಮಿಷ ಕಲಸಿ, ಗಾಜಿನ ಮೇಲೆ 15 × 12 ಸೆಂ.ಮೀ. ಚೌಕಟ್ಟಿಗೆ ಸುರಿದು ಸ್ಟೀಲ್ ಪಟ್ಟಿಯಿಂದ ಎಳೆಯಿರಿ. ಚೌಕಟ್ಟಿನ ಎತ್ತರ 1.4 ಮಿ.ಮೀ. ಇದ್ದರೆ ಒಣಗಿದ ಹಾಳೆ 1 ಮಿ.ಮೀ. ಆಸುಪಾಸು ಬರುತ್ತದೆ. ಒಂದು ದಿನ ಬಿಟ್ಟು ಎಬ್ಬಿಸಿ, ಒಂದು ವಾರ ಬಿಟ್ಟು ಅಳೆಯಿರಿ. ಟಿನ್ ಕ್ಯೂರ್ ಆಲ್ಕೋಹಾಲ್ ಬಿಟ್ಟು ಕುಗ್ಗುತ್ತಾ ಇರುತ್ತದೆ, ಮೊದಲ ದಿನಗಳ ಓಮ್ ಲೆಕ್ಕಕ್ಕಿಲ್ಲ.

ಅಡುಗೆ ಮನೆಯಲ್ಲಿ ಇದ್ಯಾವುದೂ ಬೇಡ. ಪುಡಿ ತೂಗುವಾಗ ಎನ್95 ಮಾಸ್ಕ್. ಕಾರ್ಬನ್ ಬ್ಲ್ಯಾಕ್ ಐಎಆರ್‌ಸಿ (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ) ಪಟ್ಟಿಯಲ್ಲಿ 2ಬಿ ಗುಂಪಿನಲ್ಲಿದೆ, ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತು.

ಗಜನಿ (ಕುಮಟಾ)

ಪ್ಲಾಟಿನಂ ಕ್ಯೂರ್ ಬಳಸುವವರಿಗೆ ಒಂದು ಮಾತು. ಕುಗ್ಗುವುದಿಲ್ಲ, ಹಿಗ್ಗಿ ಹಿಂತಿರುಗುವುದೂ ಚೆನ್ನ. ಆದರೆ ಗಂಧಕ, ಅಮೈನ್, ತವರ ಸೋಕಿದರೆ ಅಂಟಂಟಾಗಿಯೇ ಉಳಿಯುತ್ತದೆ. ಲ್ಯಾಟೆಕ್ಸ್ ಕೈಗವಸು ಹಾಕಿ ಮುಟ್ಟಿದರೂ ಸಾಕು, ಆ ಜಾಗ ಕ್ಯೂರ್ ಆಗದು. ನೈಟ್ರೈಲ್ ಕೈಗವಸನ್ನೂ ಮೊದಲು ಒಂದು ಹನಿಯಲ್ಲಿ ಪರೀಕ್ಷಿಸಿ. ಮೊದಲು ಟಿನ್ ಸಿಲಿಕೋನ್ ಎರೆದ ಅಚ್ಚಿನಲ್ಲಿ ಪ್ಲಾಟಿನಂ ಎರೆಯಬಾರದು. ಪುಡಿಯ ಆಯ್ಕೆಗೂ ಇದು ತಾಗುತ್ತದೆ: ಎಣ್ಣೆಯಿಂದ ಮಾಡಿದ ಫರ್ನೇಸ್ ಬ್ಲ್ಯಾಕ್‌ನಲ್ಲಿ ಗಂಧಕ ಉಳಿದಿರಬಹುದು, ಅಸಿಟಿಲೀನ್ ಬ್ಲ್ಯಾಕ್ ಬಹಳ ಶುದ್ಧ.

ಟ್ಯೂಬ್ ಸಿಲಿಕೋನ್ ಬಗ್ಗೆ ಯಾರೂ ಉತ್ತರಿಸಲಿಲ್ಲ. ವಿನೆಗರ್ ವಾಸನೆಯದು ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರದ ತಂತಿಯನ್ನು ಹಸಿರುಗಟ್ಟಿಸುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದದ್ದು ತಗೊಳ್ಳಿ, ಅದೂ ಹೊದಿಕೆಗೆ ಮಾತ್ರ. ಟ್ಯೂಬಿನದು ಹವೆಯ ತೇವದಿಂದ ಹೊರಗಿನಿಂದ ಒಳಗೆ ಗಟ್ಟಿಯಾಗುತ್ತದೆ, ದಿನಕ್ಕೆ 2–3 ಮಿ.ಮೀ.

ಬೇಲಿಯಾಚೆ (ಶಿರಸಿ)

ಹಾಳೆ ಬಂತು, ಮೆತ್ತಗಿದೆ, ಎಳೆದರೆ ಹಿಗ್ಗುತ್ತದೆ. ಆದರೆ ಮಲ್ಟಿಮೀಟರ್ ಕಡ್ಡಿ ಇಟ್ಟರೆ 2 ಮೆಗಾ ಓಮ್, ಒತ್ತಿದರೆ 60 ಕಿಲೋ ಓಮ್, ಚುಚ್ಚಿದರೆ 12 ಕಿಲೋ ಓಮ್. ಯಾವುದು ಸತ್ಯ?

ಕಪ್ಪುಹಿಟ್ಟು (ಕಾರವಾರ)

ಕೊನೆಯದು ಸತ್ಯಕ್ಕೆ ಹತ್ತಿರ. ಗಾಜಿಗೆ ತಾಗಿದ ಮುಖದಲ್ಲೂ ಗಾಳಿಯ ಮುಖದಲ್ಲೂ ಬರೀ ಸಿಲಿಕೋನ್‌ನ ತೆಳು ಪೊರೆ ಕಟ್ಟಿರುತ್ತದೆ, ಪುಡಿ ಅದರಡಿಯಲ್ಲಿದೆ. ನೀವು ಅಳೆದದ್ದು ಪೊರೆಯನ್ನು.

ಲೆಕ್ಕ ಹಾಕಿ ನೋಡಿ. ವಸ್ತುವಿನ ರೋಧಕತೆ 100 ಓಮ್ ಸೆಂ.ಮೀ. ಅಂತಿಟ್ಟುಕೊಂಡರೆ, 10 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ, 0.1 ಸೆಂ.ಮೀ. ದಪ್ಪದ ಪಟ್ಟಿಗೆ 10 ಕಿಲೋ ಓಮ್. ನಿಮ್ಮ ಹಾಳೆ ಸರಿಯಾಗೇ ಇದೆ.

ಎಲೆಕ್ಟ್ರೋಡ್‌ಗೆ ನೂಲುಪ್ರಿಯರ ಮಿಶ್ರಣ ಬರಲಿ. ಪಟ್ಟಿಯನ್ನು ಡಂಬೆಲ್ ಆಕಾರದಲ್ಲಿ ಕತ್ತರಿಸಿ, ನಡು 1 ಸೆಂ.ಮೀ., ತುದಿ 3 ಸೆಂ.ಮೀ. ಅಗಲ. ಆಗ ಹಿಗ್ಗುವುದು ನಡು, ತುದಿ ಹಿಗ್ಗುವುದಿಲ್ಲ. ತುದಿಯ ಎರಡೂ ಮುಖವನ್ನು 220ರ ಮರಳು ಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಆಲ್ಕೋಹಾಲ್‌ನಲ್ಲಿ ಒರೆಸಿ. ಸ್ಟೇನ್‌ಲೆಸ್ ಸ್ಟೀಲ್ ಜಾಲಿಯ ತುಂಡಿಗೆ ಶೇ. 4–5 ಕಾರ್ಬನ್ ನೂಲಿನ ಸಿಲಿಕೋನ್ ಮೆತ್ತಿ ಅದರ ಮೇಲೆ ಒತ್ತಿ, ಕ್ಯೂರ್ ಆದ ಮೇಲೆ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಸ್ಕ್ರೂ ಹಾಕಿ ಬಿಗಿಯಿರಿ. ಬೇಲಿಯ ಎಳೆತ ತಟ್ಟೆಗೆ ಬೀಳಬೇಕು, ವಯರಿಗೆ ಬೀಳಬಾರದು. ಸಂಪರ್ಕದ ಮೇಲೆ ಸಂಶಯ ಇದ್ದರೆ ನಾಲ್ಕು ತಂತಿಯ ಅಳತೆ ಮಾಡಿ: ಹೊರಗಿನ ಎರಡರಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್.

ನೂಲುಪ್ರಿಯ (ಅಂಕೋಲಾ)

ತುದಿಗಾದರೂ ಮರ್ಯಾದೆ ಸಿಕ್ಕಿತಲ್ಲ. ನೂಲು ಕತ್ತರಿಸುವಾಗ ಎಲೆಕ್ಟ್ರಾನಿಕ್ಸ್ ಬೋರ್ಡ್ ಪಕ್ಕ ಇಟ್ಟುಕೊಳ್ಳಬೇಡಿ, ಹಾರಿದ ಎಳೆ ಎರಡು ಪಿನ್ ನಡುವೆ ಕೂತರೆ ಶಾರ್ಟ್.

ಮಳೆಯ ಬಗ್ಗೆ: ಎಳೆ ಎಳೆಯ ವಯರ್ ಒಳಗೆ ನೀರು ಬತ್ತಿಯ ಹಾಗೆ ಏರಿ ಪಟ್ಟಿಯವರೆಗೂ ಬರ್ತದೆ. ಜೋಡಣೆಯ ಹತ್ತಿರ ವಯರಿನ ಹೊದಿಕೆ ಬಿಡಿಸಿ ಎಳೆಗಳ ನಡುವೆ ತೆಳು ಸಿಲಿಕೋನ್ ಇಳಿಸಿ, ಇಲ್ಲವೆ ಒಂಟಿ ಎಳೆಯ ತಂತಿ ಹಾಕಿ. ವಯರ್ ಪಟ್ಟಿಗಿಂತ ಕೆಳಗೆ ಇಳಿದು ಮತ್ತೆ ಏರಲಿ, ಹನಿ ಅಲ್ಲೇ ತೊಟ್ಟಿಕ್ಕಲಿ.

ಬೇಲಿಯಾಚೆ (ಶಿರಸಿ)

10.4 ಕಿಲೋ ಓಮ್ ಬಂತು. ಶೇ. 20 ಎಳೆದರೆ 19, ಹಿಡಿದೇ ಇದ್ದರೆ ಮೆಲ್ಲಗೆ 17ಕ್ಕೆ ಇಳಿಯುತ್ತದೆ. ವಿಚಿತ್ರ ಅಂದರೆ ಬಿಟ್ಟಾಗಲೂ ಒಂದು ಕ್ಷಣ ಮೇಲಕ್ಕೆ ಹಾರಿ ಆಮೇಲೆ ಇಳಿಯುತ್ತದೆ. ವಯರ್ ಸಡಿಲವಾ?

ಕಪ್ಪುಹಿಟ್ಟು (ಕಾರವಾರ)

ಸಡಿಲವಲ್ಲ, ವಸ್ತುವೇ ಹಾಗೆ.

ಮೊದಲು ಎಳೆತದ ಲೆಕ್ಕ. ಸಿಲಿಕೋನ್‌ನ ಗಾತ್ರ ಎಳೆದರೂ ಬದಲಾಗದು. ಉದ್ದ 1.2 ಪಟ್ಟಾದರೆ ಅಡ್ಡಕೊಯ್ತ ಅಷ್ಟೇ ಕಿರಿದಾಗುತ್ತದೆ, ಆಕಾರದಿಂದಲೇ ರೆಸಿಸ್ಟೆನ್ಸ್ 1.44 ಪಟ್ಟು. 10.4ರಿಂದ 15 ಆಗಬೇಕಿತ್ತು, 19 ಆಯಿತು. ಮೇಲಿನ ನಾಲ್ಕು ಕಿಲೋ ಓಮ್ ಪುಡಿಯ ಸರಪಳಿ ಅಲ್ಲಲ್ಲಿ ಬಿಟ್ಟದ್ದರಿಂದ ಬಂದದ್ದು. ಗೊಂಚಲುಗಳ ನಡುವಿನ ಸಂದು ಕೆಲವೇ ನ್ಯಾನೋಮೀಟರ್, ಎಲೆಕ್ಟ್ರಾನ್ ಅದನ್ನು ದಾಟಿಕೊಂಡು ಹೋಗುತ್ತದೆ. ಸಂದು ಸ್ವಲ್ಪವೇ ಹಿಗ್ಗಿದರೂ ದಾಟುವಿಕೆ ಬಹಳ ಬೀಳುತ್ತದೆ.

ಹಿಡಿದಾಗ ಇಳಿಯುವುದು ರಬ್ಬರಿನ ಬಿಗಿ ಸಡಿಲವಾಗುವುದರಿಂದ, ಸರಪಳಿ ಹೊಸ ದಾರಿ ಕಟ್ಟಿಕೊಳ್ಳುವುದರಿಂದ. ಬಿಟ್ಟ ಕ್ಷಣ ಹಾರುವುದೂ ಅದೇ ಕಥೆ: ಎಳೆದ ಸ್ಥಿತಿಯಲ್ಲಿ ಕಟ್ಟಿಕೊಂಡ ದಾರಿಗಳು ಕುಗ್ಗುವಾಗ ಸೊಟ್ಟಗಾಗಿ ಕಡಿಯುತ್ತವೆ, ಹಳೆಯವು ಇನ್ನೂ ಕೂಡಿರುವುದಿಲ್ಲ. ಕಾರ್ಬನ್ ತುಂಬಿದ ಯಾವ ರಬ್ಬರಿನಲ್ಲೂ ಇದು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಅತಿರೇಕದ ಉದಾಹರಣೆ 2016ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದ ಗ್ರಾಫೀನ್ ತುಂಬಿದ ಸಿಲಿಕೋನ್ ಪುಟ್ಟಿ (ಮೆತ್ತನೆಯ ಮುದ್ದೆ). ಅದರ ಗೇಜ್ ಫ್ಯಾಕ್ಟರ್ (ಎಳೆತದ ಎಷ್ಟು ಪಟ್ಟು ರೆಸಿಸ್ಟೆನ್ಸ್ ಬದಲಾಗುತ್ತದೆಂಬ ಲೆಕ್ಕ) 500 ದಾಟಿತ್ತು, ಲೋಹದ ಸ್ಟ್ರೇನ್ ಗೇಜಿನದು ಸುಮಾರು 2. ಆದರೆ ಆ ವಸ್ತು ಅರ್ಧ ದ್ರವ, ಗಳಿಗೆ ಬಿಟ್ಟರೆ ತಾನೇ ಮರೆಯುತ್ತದೆ. ಸೂಕ್ಷ್ಮತೆ ಮತ್ತು ನೆನಪು ಒಟ್ಟಿಗೆ ಸಿಗುವುದು ಅಪರೂಪ.

ಹಾಗಾಗಿ ಓಮ್ ಎಷ್ಟು ಎಂದು ಕೇಳಬೇಡಿ, ಈಗ ಬದಲಾಯಿತೇ ಎಂದು ಕೇಳಿ. ಕಟ್ಟುವ ಮೊದಲು ಪಟ್ಟಿಯನ್ನು ಶೇ. 30ರವರೆಗೆ ಐವತ್ತು ಸಲ ಎಳೆದು ಬಿಡಿ. ಹೊಸ ರಬ್ಬರಿನ ಮೊದಲ ಬಿಗಿ ಆಗಲೇ ಮುರಿಯುತ್ತದೆ. ಪಕ್ಕದಲ್ಲಿ 13 ಸೆಂ.ಮೀ. ನೈಲಾನ್ ಹಗ್ಗ ಸಡಿಲವಾಗಿ ಕಟ್ಟಿ, ಶೇ. 30 ಆದ ಮೇಲೆ ಹೊರೆ ಹಗ್ಗಕ್ಕೆ ಬೀಳಲಿ.

ಸರ್ಕ್ಯೂಟಿಗೆ ಪಟ್ಟಿಯ ಜೊತೆ ಸರಣಿಯಲ್ಲಿ ಹಾಕುವ ರೆಸಿಸ್ಟರ್ 15 ಕಿಲೋ ಓಮ್ ಸಾಕು, ಪಟ್ಟಿಯ ಕನಿಷ್ಠ ಮತ್ತು ಗರಿಷ್ಠ ಓಮ್‌ಗಳ ಗುಣಲಬ್ಧದ ವರ್ಗಮೂಲದ ಹತ್ತಿರ ಇರಬೇಕು ಅಷ್ಟೆ. ಉದ್ದ ವಯರಿಗೆ ಎಡಿಸಿ ಪಿನ್ನಿನಲ್ಲಿ (ಮೈಕ್ರೋಕಂಟ್ರೋಲರ್ ವೋಲ್ಟೇಜ್ ಓದುವ ಪಿನ್) 100 ನ್ಯಾನೋಫ್ಯಾರಡ್ ಕೆಪಾಸಿಟರ್. ಪಟ್ಟಿಗೆ ಸದಾ ಕರೆಂಟ್ ಬೇಡ. ಪಿನ್ ಏರಿಸಿ, 10 ಮಿಲಿಸೆಕೆಂಡ್ ಕಾದು, ಓದಿ, ಇಳಿಸಿ. ತೇವದಲ್ಲಿ ಒಂದೇ ದಿಕ್ಕಿನ ಕರೆಂಟ್ ತುದಿಗಳನ್ನು ತಿನ್ನುತ್ತದೆ. ಮೈಕ್ರೋಕಂಟ್ರೋಲರ್ ಇಎಸ್‌ಪಿ32 ಆದರೆ ವೈಫೈ ನಡೆಯುವಾಗ ಎಡಿಸಿ2 ಪಿನ್‌ಗಳು ಓದುವುದಿಲ್ಲ, ಎಡಿಸಿ1 ಬಳಸಿ.

ಪ್ರೋಗ್ರಾಂನಲ್ಲಿ ಎರಡು ಸರಾಸರಿ ಇಡಿ: ಒಂದು ಅರ್ಧ ಸೆಕೆಂಡಿನದು, ಒಂದು ಒಂದು ನಿಮಿಷದ್ದು. ಚುರುಕಿನದನ್ನು ನಿಧಾನದ್ದರಿಂದ ಭಾಗಿಸಿ. 1.15 ದಾಟಿದರೆ ಗಂಟೆ. ಬಿಸಿಲು, ತೇವ, ತಂತಿಯ ಸಡಿಲು ಎಲ್ಲ ನಿಧಾನದ ಸರಾಸರಿಯಲ್ಲೇ ಕರಗಿ ಹೋಗುತ್ತದೆ. ಬಿಟ್ಟಾಗಿನ ಹಾರಿಕೆಯೂ ಇಲ್ಲಿ ಉಪಕಾರವೇ, ಹಂದಿ ತಂತಿ ಬಿಟ್ಟದ್ದೂ ಗಂಟೆಯೇ.

ಗಜನಿ (ಕುಮಟಾ)

ಸೋಲಾರ್ ಬೇಲಿಯ ತಂತಿಗೆ ಇದನ್ನು ಕಟ್ಟಬೇಡಿ ಅಂತ ದಪ್ಪಕ್ಷರದಲ್ಲಿ ಬರೆಯಬೇಕಿತ್ತು. ಎನರ್ಜೈಸರ್ ಬಿಡುವ ಪಲ್ಸ್ ಸಾವಿರಾರು ವೋಲ್ಟ್. ಪಟ್ಟಿಯೂ ಸುಡುತ್ತದೆ, ಬೋರ್ಡೂ ಹೋಗುತ್ತದೆ, ಮನೆಯವರೆಗೆ ವಯರ್ ಎಳೆದಿದ್ದರೆ ಮನುಷ್ಯರಿಗೂ ಅಪಾಯ. ಬೇರೆ, ಕರೆಂಟಿಲ್ಲದ ತಂತಿ ಎಳೆದು ಅದಕ್ಕೇ ಕಟ್ಟಿ. ದೋಟಿಯ ಮಾತು ಬಂದದ್ದಕ್ಕೆ: ಕಾರ್ಬನ್ ದೋಟಿಯೂ ವಾಹಕವೇ, ಕರೆಂಟ್ ಲೈನಿನ ಅಡಿಯಲ್ಲಿ ಎತ್ತುವಾಗ ಜಾಗ್ರತೆ.

ಜೇನುಗೂಡು (ಸಿದ್ದಾಪುರ)

ಇದೇ ಹಾಳೆಯನ್ನು ಜೇನು ಪೆಟ್ಟಿಗೆಯ ಅಡಿ ಇಟ್ಟು ತುಪ್ಪದ ತೂಕ ನೋಡಬಹುದಾ? ದಿನಕ್ಕೆ 200–300 ಗ್ರಾಂ ಏರಿಳಿತ ಸಾಕು.

ಕಪ್ಪುಹಿಟ್ಟು (ಕಾರವಾರ)

ಆಗದು. ಸದಾ ಇರುವ ಹೊರೆಗೆ ರಬ್ಬರ್ ದಿನಗಟ್ಟಲೆ ಕೂರುತ್ತಾ ಹೋಗುತ್ತದೆ, ಆ ಜಾರುವಿಕೆ ನಿಮ್ಮ 300 ಗ್ರಾಂ ಅನ್ನು ನುಂಗುತ್ತದೆ. ಲೋಡ್ ಸೆಲ್ (ತೂಕ ಅಳೆಯುವ ಲೋಹದ ಸೆನ್ಸರ್) ಮತ್ತು ಅದನ್ನು ಓದುವ ಎಚ್‌ಎಕ್ಸ್711 ಚಿಪ್ ಹಾಕಿ. ಕರಡಿ ಪೆಟ್ಟಿಗೆ ಅಲುಗಿಸಿದ್ದು ತಿಳಿಯಬೇಕಾದರೆ ಈ ಹಾಳೆ ಆದೀತು.

ಹಾಲುಮರ (ಹೊನ್ನಾವರ)

ಸಿಲಿಕೋನ್ ಬಿಟ್ಟು ರಬ್ಬರ್ ಮರದ ಹಾಲಲ್ಲೇ ಮಾಡಬಹುದಲ್ಲ? ತೋಟದಲ್ಲೇ ಇದೆ.

ಗಜನಿ (ಕುಮಟಾ)

ಮಾಡಬಹುದು, ವಾಹಕತೆ ಶುರುವಾಗಲು ಪುಡಿಯೂ ಕಡಿಮೆ ಸಾಕು. ಹಾಲು ಒಣಗುವಾಗ ರಬ್ಬರ್ ಕಣಗಳ ಒಳಗೆ ಪುಡಿ ಹೋಗುವುದಿಲ್ಲ, ಕಣಗಳ ನಡುವಿನ ಸಂದಿಯಲ್ಲೇ ಸಾಲುಗಟ್ಟುತ್ತದೆ. ಆದರೆ ಮರದಿಂದ ಇಳಿದ ಹಾಲಲ್ಲಿ ರಬ್ಬರ್ ಶೇ. 30–35 ಮಾತ್ರ, ಅಮೋನಿಯಾ ಹಾಕದಿದ್ದರೆ ಕೆಲವೇ ಗಂಟೆಯಲ್ಲಿ ಒಡೆಯುತ್ತದೆ. ಬರೀ ಹಾಲಿನ ಹಾಳೆ ಎಳೆದರೆ ಪೂರ್ತಿ ಹಿಂತಿರುಗುವುದೂ ಇಲ್ಲ. ಶೇ. 60ರ ಪ್ರಿವಲ್ಕನೈಸ್ಡ್ ಲ್ಯಾಟೆಕ್ಸ್ (ಗಂಧಕ ಹಾಕಿ ಮೊದಲೇ ಹದಗೊಳಿಸಿದ ರಬ್ಬರ್ ಹಾಲು) ಕೊಂಡರೆ ಎರಡೂ ತಾಪತ್ರಯ ತಪ್ಪುತ್ತದೆ.

100 ಗ್ರಾಂ ಲ್ಯಾಟೆಕ್ಸ್‌ಗೆ ಪುಡಿ 6 ಗ್ರಾಂ. ಪುಡಿಯನ್ನು ನೇರ ಹಾಕಿದರೆ ಹಾಲು ಮೊಸರಾಗುತ್ತದೆ. 60 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಸೋಡಿಯಂ ಡೋಡೆಸೈಲ್ ಸಲ್ಫೇಟ್ (ಸಾಬೂನಿನಂಥ ಪುಡಿ) 0.6 ಗ್ರಾಂ, ಪಿಎಚ್ 10 ಆಗುವಷ್ಟು ಅಮೋನಿಯಾ, ಆಮೇಲೆ ಪುಡಿ. ಗಾಜಿನ ಗೋಲಿ ತುಂಬಿದ ಬಾಟಲಿಯಲ್ಲಿ ರಾತ್ರಿಯಿಡೀ ಉರುಳಿಸಿ, ಬಟ್ಟೆಯಲ್ಲಿ ಸೋಸಿ, ಲ್ಯಾಟೆಕ್ಸ್ ಕದಡುತ್ತಾ ಇದನ್ನು ಸಣ್ಣಗೆ ಸುರಿಯಿರಿ. ಪಾತ್ರೆ ತೊಳೆಯುವ ದ್ರವ ಬೇಡ, ಅದರಲ್ಲಿರುವ ಉಪ್ಪಿಗೆ ಹಾಲು ಒಡೆಯುತ್ತದೆ. ಹಾಳೆ ತೆಳ್ಳಗೆ ಹೊಯ್ದು ನೆರಳಲ್ಲಿ ಒಣಗಿಸಿ, 70 ಡಿಗ್ರಿಯಲ್ಲಿ ಒಂದು ಗಂಟೆ.

ಆಮೇಲಿನ ಹೆಜ್ಜೆಯನ್ನು ಎಲ್ಲರೂ ಬಿಡುತ್ತಾರೆ: ಹಾಳೆಯನ್ನು ಬೆಚ್ಚಗಿನ ನೀರಲ್ಲಿ ಅರ್ಧ ದಿನ ನೆನೆಸಿ, ನೀರು ಎರಡು ಮೂರು ಸಲ ಬದಲಿಸಿ. ಒಳಗೆ ಉಳಿದ ಸಾಬೂನು ಹೋಗದಿದ್ದರೆ ಮಳೆಗಾಲದ ತೇವ ಹೀರಿ ರೆಸಿಸ್ಟೆನ್ಸ್ ದಿನಕ್ಕೊಂದು ಥರ. ಮತ್ತೆ, ಈ ಕೆಲಸದ ಮೇಜಿನಲ್ಲಿ ಪ್ಲಾಟಿನಂ ಸಿಲಿಕೋನ್ ಡಬ್ಬ ತೆರೆಯಬೇಡಿ. ಲ್ಯಾಟೆಕ್ಸ್‌ನ ಗಂಧಕ ಅದಕ್ಕೆ ಆಗಿಬರುವುದಿಲ್ಲ.